ಹಗುರಾದವಳು

ಕಾಲಿನಲ್ಲಿ ಚಪ್ಪಲಿ ಇದೆಯೋ ಇಲ್ಲವೋ ಎಂಬುದನ್ನು ಹೇಮಶ್ರೀ ಈಚೆಗೆ ಬಗ್ಗಿ ನೋಡಿಯೇ ತಿಳಿಯಬೇಕಾಗಿತ್ತು. ಪಾದಗಳು ಇದ್ದವು, ನಡೆಯುತ್ತಲೂ ಇದ್ದವು; ಆದರೆ ಯಾರೋ ಅವಕ್ಕೆ ದಪ್ಪ ಕಂಬಳಿ ಸುತ್ತಿಟ್ಟ ಹಾಗೆ ನೆಲದ ತಂಪು, ಒರಟು ಒಂದೂ ಮೇಲಕ್ಕೆ ಬರುತ್ತಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ, ಆಗಷ್ಟೇ ಕುಡಿದಿದ್ದ ರಾಗಿ ಗಂಜಿಯನ್ನು ಅವಳು ಕಕ್ಕಿದಳು. ಗಂಜಿ ಹೋದ ಬಣ್ಣದಲ್ಲೇ ವಾಪಸು ಬಂತು. ಬಾಗಿಲ ತನಕ ಬಂದು, ಒಳಗೆ ಕರೆಯುವವರಿಲ್ಲದೆ ತಿರುಗಿ ಹೋದ ನೆಂಟನ ಹಾಗೆ. ಬಾಯಿ ಮುಕ್ಕಳಿಸಿ ಕನ್ನಡಿ ನೋಡಿಕೊಂಡರೆ ಅಲ್ಲಿ ಇದ್ದವಳು ಚೆಂದವಾಗಿಯೇ ಇದ್ದಳು. ಕತ್ತಿಗೊಂದು ಆಕಾರ ಬಂದಿತ್ತು. ಕೆನ್ನೆಯ ಕೆಳಗೆ, ತನಗೆ ಇದೆಯೆಂದೇ ಗೊತ್ತಿರದಿದ್ದ ಮೂಳೆಗಳು ಎದ್ದಿದ್ದವು. ನಲವತ್ತು ದಾಟಿದ ಮೇಲೆ ತನ್ನ ಮುಖದಲ್ಲಿ ಅಪ್ಪ ದಾಸಪ್ಪನ ಮುಖ ಕಾಣಿಸುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

"ಹೇಮಾ, ಮತ್ತೆ ಬಂತೇನವ್ವ?" ಬಾಗಿಲಾಚೆ ಅವ್ವ ಸಿದ್ದಮ್ಮ ನಿಂತಿದ್ದಳು.

"ಇಲ್ಲವ್ವ. ಮುಖ ತೊಳ್ಕೊಳ್ತಿದ್ದೆ."

ಅವ್ವನ ಹೆಜ್ಜೆ ಅಡುಗೆಮನೆಯ ಕಡೆ ಹೋಯಿತು. ಹೊರಗೆ ಗಂಡ ಸುಮನ್ ತೂಕದ ಯಂತ್ರವನ್ನು ಗೋಡೆಯ ಬದಿಯಿಂದ ಎಳೆದಿಟ್ಟು ಕಾಯುತ್ತಿದ್ದ. ಬಸ್ ಡಿಪೋಗೆ ಹೊರಡುವ ಮುಂಚೆ ಅವನಿಗೆ ಇದೊಂದು ಪೂಜೆಯ ಹಾಗೆ ಆಗಿತ್ತು. ಅವಳು ಹತ್ತಿ ನಿಂತಳು; ಸಂಖ್ಯೆ ಅಲುಗಾಡಿ ನಿಂತಿತು. "ಇನ್ನೂ ಇಳ್ದಿದೀಯಲ್ಲೇ ಹೇಮ! ಡಾಕ್ಟ್ರು ಹೇಳಿದ್ದಕ್ಕಿಂತ ಫಾಸ್ಟು!" ಎಂದು ಅವನು ಚಪ್ಪಾಳೆ ತಟ್ಟಿ, ಮೊಬೈಲಿನಲ್ಲಿ ಫೋಟೋ ಹಿಡಿದ. ಆ ಸಂತೋಷವನ್ನು ಹೇಗೆ ಮುರಿಯುವುದು? ಅವನೇನು ಸಣ್ಣ ಹೆಂಡತಿ ಬೇಕೆಂದು ಹಟ ಹಿಡಿದವನಲ್ಲ. ನಿದ್ದೆಯಲ್ಲಿ ಅವಳ ಉಸಿರು ನಿಂತು ನಿಂತು ಹೋಗುತ್ತಿದ್ದ ಆ ವರ್ಷಗಳಲ್ಲಿ ಪಕ್ಕದಲ್ಲಿ ಎದ್ದು ಕೂತು ಭುಜ ಅಲುಗಿಸುತ್ತಿದ್ದವನು ಅವನೇ. ಸಕ್ಕರೆ, ಬಿ.ಪಿ., ಮಂಡಿ, ಎಲ್ಲಕ್ಕೂ ತೂಕ ಇಳಿಸುವ ಆಪರೇಷನ್ ಒಂದೇ ದಾರಿ ಎಂದು ಡಾಕ್ಟರು ಹೇಳಿದಾಗ, ಯುಗಾದಿ ಕಳೆದ ಮೇಲೆ ರಜೆ ಹಾಕಿ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಕೂತವನೂ ಅವನೇ. ಹೊಟ್ಟೆಯ ಬಹುಪಾಲನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಸಪೂರ ಚೀಲ ಮಾಡಿ ಹೊಲಿದಿದ್ದರು. ಸಕ್ಕರೆಯ ಮಾತ್ರೆ ಕಡಿಮೆಯಾಯಿತು. ಉಸಿರು ನಿಲ್ಲುವುದು ತಪ್ಪಿತು. ಎಲ್ಲ ಸರಿಯಾಗಿಯೇ ಇತ್ತು, ಮೊದಲ ತಿಂಗಳು.

ಆ ತಿಂಗಳ ಕೊನೆಗೆ ಆ ಮುದ್ದೆ. ಇನ್ನೂ ತಿಳಿ, ಗಂಜಿ ಅಷ್ಟೇ ಎಂದಿದ್ದ ದಿನಗಳಲ್ಲಿ, ಅವ್ವ ತಟ್ಟೆಯ ಮುಂದೆ ಮುಖ ಬಾಡಿಸಿಕೊಂಡು ಕೂತಿದ್ದನ್ನು ನೋಡಲಾರದೆ ಬಸ್ಸಾರಿನಲ್ಲಿ ಅದ್ದಿದ ನೆಲ್ಲಿಕಾಯಿಯಷ್ಟು ಮುದ್ದೆಯನ್ನು ಅವಳು ನುಂಗಿದ್ದಳು. ಅವತ್ತು ಏನೂ ಆಗಲಿಲ್ಲ. ವಾಂತಿ ಶುರುವಾದದ್ದು ಅದಾಗಿ ಒಂದು ವಾರಕ್ಕೆ. ಆದರೆ ಅವಳ ಲೆಕ್ಕದಲ್ಲಿ ಎರಡಕ್ಕೂ ಗಂಟು ಬಿದ್ದುಹೋಗಿತ್ತು. ಆಸ್ಪತ್ರೆಯ ಪಥ್ಯ ಹೇಳುವ ಹುಡುಗಿ ಮೋನಿಷಾ ಬಿಡುಗಡೆಯ ದಿನ ಎದುರಿಗೆ ಕೂತು ಹೇಳಿದ್ದಳು: "ಸಣ್ಣ ಸಣ್ಣ ಗುಟುಕು ಮೇಡಂ. ವಿಟಮಿನ್ ಮಾತ್ರೆ ಒಂದಿನಾನೂ ಬಿಡಬೇಡಿ. ಏನೂ ನಿಲ್ತಿಲ್ಲ, ವಾಂತಿ ಆಗ್ತಾನೇ ಇದೆ ಅಂದ್ರೆ ಅವತ್ತೇ ಫೋನ್ ಮಾಡಿ. ಎಷ್ಟೊತ್ತಾದ್ರೂ ಸರಿ, ಸಂಕೋಚ ಪಡಬೇಡಿ." ಫೋನು ಎತ್ತಿದ್ದೂ ಉಂಟು. ಆದರೆ ಆ ಕಡೆಯಿಂದ ಬರುವ ಮೊದಲ ಮಾತು ಅವಳಿಗೆ ಗೊತ್ತಿತ್ತು. ಏನು ತಿಂದ್ರಿ? ಹೈಸ್ಕೂಲಿನಿಂದ ಇಲ್ಲಿಯ ತನಕ ಗಂಟಲು ನೋವಿಗೆ ಹೋದರೂ, ಉಳುಕಿದ ಕಾಲಿಗೆ ಹೋದರೂ, ಡಾಕ್ಟರುಗಳು ತಲೆಯಿಂದ ಕಾಲ ತನಕ ಒಮ್ಮೆ ಕಣ್ಣಾಡಿಸಿ ಅದೇ ಧ್ವನಿಯಲ್ಲಿ ಅದನ್ನೇ ಕೇಳಿದ್ದರು. ಹೊಟ್ಟೆಯನ್ನೇ ಕೊಯ್ಸಿಕೊಂಡ ಮೇಲೂ ಆ ಪ್ರಶ್ನೆಯ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಅವಳಿಂದ ಆಗದ ಮಾತಾಗಿತ್ತು. ಮಾತ್ರೆ ನುಂಗಿದರೆ ಅದೂ ಹೊರಗೆ ಬರುತ್ತಿತ್ತು, ಬಿಟ್ಟಳು. ಎರಡನೆಯ ಸಲ ತೋರಿಸಲು ಬರಹೇಳಿದ್ದ ದಿನ ಆಫೀಸಿನಲ್ಲಿ ಆಡಿಟ್ ಇದೆಯೆಂದು ಸುಮನ್‌ಗೆ ಹೇಳಿದಳು. ಆಡಿಟ್ ಇರಲಿಲ್ಲ.

ಅವ್ವನ ದುಃಖ ಬೇರೆ. ಆಪರೇಷನ್ ಆದ ಮೇಲೆ ಅವ್ವ ಒಂದೇ ಒಂದು ಸಲ ಕೇಳಿದ್ದಳು: "ಕುಯ್ದುದ್ನ ಏನ್ ಮಾಡುದ್ರು ಮಗ?" ಹೇಮಶ್ರೀ ಬಿಸಾಡಿರುತ್ತಾರೆ ಎಂದಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದುಹೋದಳು. ಕನಕಪುರದ ಕಡೆಯ ಹಳ್ಳಿಯಿಂದ ಬಂದ ಹೊಸದರಲ್ಲಿ ಅವಳು ಬಸವನಗುಡಿಯ ಒಂದು ಮದುವೆ ಛತ್ರದಲ್ಲಿ ಹಂಡೆ ಪಾತ್ರೆ ಉಜ್ಜುತ್ತಿದ್ದಳು. ಒಳಗೆ ಬರುವ ಹಾಗಿರಲಿಲ್ಲ; ಹಿತ್ತಿಲ ಬಾಗಿಲಲ್ಲಿ ಮಿಕ್ಕಿದ್ದನ್ನು ಸುರಿಯುತ್ತಿದ್ದರು. ಹೋಳಿಗೆ, ಚಿತ್ರಾನ್ನ, ನೀರು ಬಿಟ್ಟುಕೊಂಡ ಪಾಯಸ. ಮಡಿಲಲ್ಲಿ ಕಟ್ಟಿಕೊಂಡು ತಂದು, ಮಲಗಿದ್ದ ಹುಡುಗಿಯನ್ನು ಎಬ್ಬಿಸಿ ಬಾಯಿಗೆ ಇಡುತ್ತಿದ್ದಳು. ನಿದ್ದೆಗಣ್ಣಿನಲ್ಲಿ ಅಗಿದ ಆ ಹೋಳಿಗೆಯ ಸಿಹಿ ಹೇಮಶ್ರೀಯ ನಾಲಿಗೆಯಲ್ಲಿ ಈಗಲೂ ಇತ್ತು. ಕಡ್ಡಿಯಂತಿದ್ದ ಹುಡುಗಿ ತುಂಬಿಕೊಂಡಳು. ವಠಾರದಲ್ಲಿ ಅವ್ವ ಅವಳ ಕೆನ್ನೆ ಹಿಡಿದು ತೋರಿಸುತ್ತಿದ್ದಳು: ನೋಡ್ರವ್ವ, ನನ್ ಮಗ ಹೆಂಗವ್ಳೆ. ಆ ಕೆನ್ನೆ ಅವ್ವನ ಗಳಿಕೆ. ಪರೀಕ್ಷೆ ಪಾಸು ಮಾಡಿ ಸರ್ಕಾರಿ ಆಫೀಸಿನಲ್ಲಿ ಕುರ್ಚಿ ಸಿಕ್ಕಿದ್ದಾಗಲೂ ಅವ್ವ ಅಷ್ಟು ಹಿಗ್ಗಿರಲಿಲ್ಲ. ಆ ಕುರ್ಚಿ ಒಂದು ದಿನ ಹೇಮಶ್ರೀಯ ಕೆಳಗೆ ಕಾಲು ಮುರಿದುಕೊಂಡು ಕೂತಾಗ ಇಡೀ ಸೆಕ್ಷನ್ನು ಫೈಲಿನ ಹಿಂದೆ ಮುಖ ಮುಚ್ಚಿಕೊಂಡಿತ್ತು. ನಗದೆ ಓಡಿ ಬಂದು ಕೈಕೊಟ್ಟು ಎಬ್ಬಿಸಿದವಳು ತ್ರಿಪುರಸುಂದರಿ ಒಬ್ಬಳೇ.

ಆ ತ್ರಿಪುರಸುಂದರಿಯೇ ಈಗ ಚಿಕ್ಕಪೇಟೆ ಮೆಟ್ರೋ ಸ್ಟೇಷನ್ನಿನ ಮೇಲೆ ಅವಳಿಗಾಗಿ ಕಾಯುತ್ತಿದ್ದಳು. ಎರಡನೇ ಶನಿವಾರ, ರಜೆ, ಆಷಾಢದ ಸೇಲ್. "ಏನೇ ಇದು, ದಿನಾ ದಿನಾ ಕರಗ್ತಿದೀಯ!" ಎಂದು ತೋಳು ಹಿಡಿದಳು. ತೋಳಿನ ಸುತ್ತ ಅವಳ ಬೆರಳುಗಳು ಒಂದನ್ನೊಂದು ಮುಟ್ಟಿದವು. "ನಾನೂ ನೀನ್ ಹೇಳಿದಂಗೇ ಮಾಡ್ತಿದೀನಿ ಕಣೆ. ಬೆಳಿಗ್ಗೆ ಎದ್ದು ಲಾಲ್‌ಬಾಗ್ ಸುತ್ತು, ರಾತ್ರಿ ನವಣೆ. ಮಂಡಿ ಹಿಡ್ಕೊಂಡ್ಬಿಟ್ಟಿದೆ, ತೂಕ ಮಾತ್ರ ಜಗ್ಗಲ್ಲ ಅಂತಿದೆ. ನಿನ್ ಮೈ ಒಳ್ಳೇ ಮೈ." ಹೇಮಶ್ರೀ ನಕ್ಕಳು. ಆಪರೇಷನ್ ಮುಚ್ಚಿಟ್ಟು ಅವಳು ಆಫೀಸಿನಲ್ಲಿ ಹೇಳಿದ್ದು ಇಷ್ಟು: ರಜೆ ಹಾಕಿದ್ದು ಮಂಡ್ಯದ ಅತ್ತೆಗೆ ಹುಷಾರಿಲ್ಲವೆಂದು; ಇಳಿದದ್ದು ವಾಕಿಂಗು, ಸಿರಿಧಾನ್ಯದಿಂದ. ಹಾಗೆ ಹೇಳಿದ ದಿನ ಅದೊಂದು ಸಣ್ಣ ಸುಳ್ಳಾಗಿತ್ತು. ಈಗ ಆ ಸುಳ್ಳು ಪಕ್ಕದಲ್ಲೇ ಮಂಡಿ ಹಿಡಿದುಕೊಂಡು, ಕುಂಟುತ್ತ, ನಂಬಿಕೆಯಿಂದ ನಡೆಯುತ್ತಿತ್ತು. ಇವತ್ತು ಹೇಳಿಬಿಡಬೇಕು ಎಂದುಕೊಂಡಳು. ಬಟ್ಟೆ ಕೊಂಡಾದ ಮೇಲೆ ಹೇಳಬೇಕು.

ಅಂಗಡಿ ಮೊದಲ ಮಹಡಿಯಲ್ಲಿತ್ತು. ಕಡಿದಾದ ಮೆಟ್ಟಿಲು, ಒಬ್ಬರು ಹತ್ತಿದರೆ ಇನ್ನೊಬ್ಬರು ಗೋಡೆಗೆ ಒರಗಬೇಕು. ಇದೇ ಬೀದಿಯಲ್ಲಿ ಹಿಂದೆ ಒಬ್ಬ ಸೇಲ್ಸ್‌ಮನ್ನು ಅವಳು ಬಾಯಿ ತೆರೆಯುವ ಮೊದಲೇ "ನಿಮ್ ಸೈಜು ನಮ್ಮತ್ರ ಬರಲ್ಲ ಮೇಡಂ" ಎಂದಿದ್ದ. ಇವತ್ತು ಇನ್ನೊಬ್ಬ, ಅವನ ತಮ್ಮನೇ ಇರಬೇಕೆನ್ನುವಂಥವನು, ರೆಡಿಮೇಡ್ ಕುರ್ತಾಗಳ ರಾಶಿ ಎಳೆದು, "ಮೇಡಂಗೆ ಮೀಡಿಯಂ ಸಾಕು" ಎಂದ. ಮೀಡಿಯಂ. ಆ ಪದಕ್ಕಾಗಿ ಎಷ್ಟು ವರ್ಷ. ಅದನ್ನು ಎದೆಗೆ ಒತ್ತಿಕೊಂಡು ಪರದೆಯ ಹಿಂದಿನ ಸಣ್ಣ ಜಾಗಕ್ಕೆ ಹೋದಳು. ಹಾಕಿಕೊಂಡು ಕನ್ನಡಿ ನೋಡಿದಾಗ ಅಲ್ಲಿ ಇಬ್ಬರು ಹೇಮಶ್ರೀಯರಿದ್ದರು. ಒಬ್ಬಳ ಭುಜದ ಪಕ್ಕಕ್ಕೆ ಇನ್ನೊಬ್ಬಳು, ಸ್ವಲ್ಪ ಕೆಳಗೆ, ಅದೇ ನವಿಲುಬಣ್ಣದ ಕುರ್ತಾದಲ್ಲಿ. ಒಂದು ಕಣ್ಣು ಮುಚ್ಚಿದರೆ ಒಬ್ಬಳು ಹೋದಳು. ತೆರೆದರೆ ಬಂದಳು. ಎರಡು ಮೂರು ದಿನದಿಂದ ಬೀದಿದೀಪಗಳು ಹೀಗೇ ಜೋಡಿಯಾಗಿ ಕಾಣುತ್ತಿದ್ದವು, ಕನ್ನಡಕ ಬದಲಾಯಿಸಬೇಕೆಂದುಕೊಂಡಿದ್ದಳು. ಆ ಇಬ್ಬರಲ್ಲಿ ಯಾರು ತಾನೆಂದು ಯೋಚಿಸುತ್ತ ನಿಂತು, ಹೊರಗಿನಿಂದ ತ್ರಿಪುರಸುಂದರಿ ಕೂಗಿದಾಗ, ಯಾರು ಕೂಗುತ್ತಿದ್ದಾರೆ ಎಂಬುದು ಒಂದು ಕ್ಷಣ ಅವಳಿಗೆ ಹೊಳೆಯಲಿಲ್ಲ.

ಇಳಿಯುವಾಗ ಮೆಟ್ಟಿಲುಗಳೂ ಎರಡೆರಡಾಗಿದ್ದವು. ಹಿಂದಿನಿಂದ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತ ಹಮಾಲಿಯೊಬ್ಬ "ಸೈಡ್, ಸೈಡ್ ಅಕ್ಕಾ" ಎನ್ನುತ್ತಿದ್ದ. ಅವಳು ಮೆಟ್ಟಿಲೆಂದುಕೊಂಡು ಪಾದ ಇಟ್ಟ ಕಡೆ ಮೆಟ್ಟಿಲಿರಲಿಲ್ಲ. ಬಿದ್ದದ್ದು ಕೆಳಗಿನ ಮೂರ್ನಾಲ್ಕು ಮೆಟ್ಟಿಲು ಅಷ್ಟೇ, ಏಟೂ ಹೆಚ್ಚಿರಲಿಲ್ಲ. ಆದರೆ ಏಳಲು ಹೋದರೆ ಕಾಲುಗಳು ಬೇರೆಯವರ ಕಾಲುಗಳ ಹಾಗೆ ಸುಮ್ಮನೆ ಬಿದ್ದಿದ್ದವು. ಸುತ್ತ ಮುಖಗಳು ಬಾಗಿದವು. ಶುಗರ್ ಲೋ ಆಗಿರ್ಬೇಕು ಎಂದರು. ಯಾರೋ ಮಾವಿನ ಜ್ಯೂಸಿನ ಬಾಟಲಿ ತುಟಿಗೆ ಹಿಡಿದರು. ಅದು ಗಂಟಲು ಮುಟ್ಟುವ ಮೊದಲೇ ಹೊಸ ಕುರ್ತಾದ ಚೀಲದ ಮೇಲೆ ಬಂತು. ಬೀದಿಯ ಮಧ್ಯೆ, ಅಷ್ಟು ಜನರ ಮುಂದೆ, ಯಾವ ಮರೆಯೂ ಇಲ್ಲದೆ. "ಸುಂದರಿ, ನಾವ್ ಇಲ್ಲಿಗ್ ಯಾಕ್ ಬಂದ್ವಿ?" ಎಂದು ಅವಳು ಕೇಳಿದಳು. ತ್ರಿಪುರಸುಂದರಿಯ ಮುಖ ಬಿಳಿಚಿತು.

ಆಟೋದಲ್ಲಿ ಚಾಮರಾಜಪೇಟೆಯ ಕಡೆಯ ಸಣ್ಣ ನರ್ಸಿಂಗ್ ಹೋಮೊಂದಕ್ಕೆ ಬಂದರು. ಹಸಿರು ಪರದೆ, ಪಕ್ಕದ ಮಂಚದಲ್ಲಿ ಕೆಮ್ಮುವ ಮುದುಕ. ಕಿರಿಯ ವಯಸ್ಸಿನ ಡಾಕ್ಟರು ನಾಡಿ ಹಿಡಿದು, ಕಣ್ಣಿಗೆ ಟಾರ್ಚು ಬಿಟ್ಟು, ಕೇಳಿದ: "ಅಮ್ಮ, ಹಿಂದೆ ಯಾವ್ದಾದ್ರೂ ಆಪರೇಷನ್ ಆಗಿದ್ಯಾ?"

ಅವಳ ತಲೆಯೊಳಗೆ ಆಗ ಒಂದು ಬೆಳಕು ಸ್ಪಷ್ಟವಾಗಿಯೇ ಇತ್ತು. ಹೇಳಬೇಕಾದದ್ದು ಏನೆಂದು ಗೊತ್ತಿತ್ತು. ಡಾಕ್ಟರ ಹಿಂದೆ ತ್ರಿಪುರಸುಂದರಿ ನಿಂತಿದ್ದಳು. ತನ್ನ ಸೆರಗಿನಲ್ಲೇ ಹೇಮಶ್ರೀಯ ಕೈಚೀಲವನ್ನು ಒರೆಸುತ್ತ, ಮಂಡಿ ನೋವಿಗೆ ಒಂದು ಕಾಲಿನ ಮೇಲೆ ಭಾರ ಬಿಟ್ಟುಕೊಂಡು. ಎರಡು ತ್ರಿಪುರಸುಂದರಿಯರು.

"ಇಲ್ಲ," ಎಂದಳು ಹೇಮಶ್ರೀ.

"ಡಯಟ್ ಮಾಡ್ತಿದಾಳೆ ಡಾಕ್ಟ್ರೇ. ಬರೀ ಸಿರಿಧಾನ್ಯ. ಅತಿ ಮಾಡ್ಕೊಂಡ್ಬಿಟ್ಟಿದಾಳೆ," ಎಂದು ತ್ರಿಪುರಸುಂದರಿ ಅವಳ ಪರವಾಗಿ ಸೇರಿಸಿದಳು.

"ಸುಸ್ತಾಗಿದೆ ಅಷ್ಟೇ. ಗ್ಲೂಕೋಸ್ ಹಾಕೋಣ," ಎಂದ ಡಾಕ್ಟರು. ನರ್ಸು ಸೂಜಿ ಚುಚ್ಚಿದಳು. ಬಾಟಲಿಯಿಂದ ಹನಿಗಳು ಇಳಿಯತೊಡಗಿದವು. ಹೇಮಶ್ರೀ ಅವನ್ನು ನೋಡುತ್ತ ಮಲಗಿದಳು. ಎಷ್ಟೋ ದಿನದ ಮೇಲೆ ಮೈಯೊಳಗೆ ಹೋದದ್ದು ವಾಪಸು ಬರುತ್ತಿರಲಿಲ್ಲ. ಅದೊಂದು ನೆಮ್ಮದಿ. ಆ ನೆಮ್ಮದಿಯ ಜೊತೆಗೇ ಕೋಣೆ ನಿಧಾನವಾಗಿ ಒಂದು ಬದಿಗೆ ವಾಲತೊಡಗಿತು. ಮುದುಕನ ಕೆಮ್ಮು ದೂರವಾಯಿತು. ಅಪ್ಪ ದಾಸಪ್ಪ ಬಾಗಿಲಲ್ಲಿ ಸೈಕಲ್ಲು ನಿಲ್ಲಿಸುತ್ತಿದ್ದ. ಅಪ್ಪ ಸತ್ತು ಬಹಳ ವರ್ಷವಾಗಿದೆಯಲ್ಲ ಎಂದು ಕೇಳಬೇಕೆನ್ನಿಸಿತು, ಆದರೆ ಅದನ್ನು ಕೇಳಿ ಅಪ್ಪನಿಗೆ ಬೇಜಾರು ಮಾಡುವುದು ಬೇಡವೆನ್ನಿಸಿತು.

ಸುಮನ್ ಡಿಪೋದಲ್ಲಿ ಫೋನು ಎತ್ತದಿದ್ದರಿಂದ ತ್ರಿಪುರಸುಂದರಿ ಹೇಮಶ್ರೀಯ ಮೊಬೈಲಿನಲ್ಲಿ 'ಅವ್ವ' ಎಂದಿದ್ದ ನಂಬರಿಗೆ ಮಾಡಿದ್ದಳು. ಬಾಟಲಿ ಅರ್ಧ ಇಳಿದಿರುವಾಗ ಸಿದ್ದಮ್ಮ ಬಂದಳು. ಪರದೆ ಸರಿಸಿ ಮಗಳನ್ನು ನೋಡಿದಳು, ಬಾಟಲಿಯನ್ನು ನೋಡಿದಳು, ಡಾಕ್ಟರ ಕಡೆ ತಿರುಗಿದಳು.

"ಹೊಟ್ಟೆ ಕುಯ್ಸ್ಕಂಡಿರದ ಹೇಳುದ್ಲಾ ನಿಮ್ಗೆ?"

"ಯಾವ ಹೊಟ್ಟೆ?"

"ದಪ್ಪ ಇಳ್ಸಕ್ಕೆ ಹೊಟ್ಟೆ ಕುಯ್ದು ತಗ್ದವ್ರೆ ಸ್ವಾಮಿ, ದೊಡ್ಡಾಸ್ಪತ್ರೇಲಿ. ಯುಗಾದಿ ಆದ್ಮೇಲೆ. ಅವತ್ತಿಂದ ತೂಕ ಇಳೀತು ಇಳೀತು ಅಂತ ಎಲ್ರೂ ಕುಣೀತಾವ್ರೆ. ದಿನಾ ಕಕ್ತಾವ್ಳೆ ಇವ್ಳು! ನಲ್ಲಿ ಬುಟ್ಕಂಡು ಕಕ್ತಾವ್ಳೆ, ನಂಗೆ ಕೇಳ್ಸಕ್ಕಿಲ್ಲ ಅಂತ." ಅವ್ವನ ದನಿ ಪರದೆಗಳನ್ನು ದಾಟಿ ಇಡೀ ವಾರ್ಡಿಗೆ ಕೇಳುತ್ತಿತ್ತು. ಮುದುಕನ ಕಡೆಯವರು ಇಣುಕಿದರು. "ಸುಮ್ನಿರವ್ವ," ಎಂದು ಹೇಮಶ್ರೀ ಅಂದುಕೊಂಡಳು. ಬಾಯಿಂದ ಬಂತೋ ಇಲ್ಲವೋ ತಿಳಿಯಲಿಲ್ಲ.

"ಇದನ್ನ ಮೊದ್ಲೇ ಯಾಕಮ್ಮ ಯಾರಿಗೂ ಹೇಳ್ಲಿಲ್ಲ?" ಡಾಕ್ಟರು ಆಗಲೇ ಗ್ಲೂಕೋಸಿನ ನಳಿಕೆ ಮುಚ್ಚುತ್ತಿದ್ದ.

ಅವ್ವ ತಣ್ಣಗಾದಳು. "ನಾ ಇಕ್ಕಿದ್ದನ್ನೇ ಕಕ್ತಾಳಲ್ಲ ಅಂತ ನಂಗೂ ನಾಚ್ಕೆ ಆಗಿತ್ತು ಸ್ವಾಮಿ."

ಡಾಕ್ಟರು ಫೋನು ಹಿಡಿದು ಹೊರಗೆ ಓಡಿದ. ತ್ರಿಪುರಸುಂದರಿ ಕೈಚೀಲವನ್ನು ಮಂಚದ ಕೆಳಗಿಟ್ಟಳು, ಹೊಸ ಕುರ್ತಾದ ಚೀಲವನ್ನು ಅದರ ಪಕ್ಕಕ್ಕಿಟ್ಟಳು. ಹೇಮಶ್ರೀಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸಿಟ್ಟು ಇರಲಿಲ್ಲ ಅದರಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಕಡೆ ಕುಂಟುತ್ತ ಹೋದ ಅವಳ ಚಪ್ಪಲಿಯ ಸದ್ದು ಬಹಳ ಹೊತ್ತು ಕೇಳಿಸಿತು.

ಮುಂದಿನ ವಾರಗಳಲ್ಲಿ ಅವಳ ಪಾಲಿಗೆ ಉಳಿದದ್ದು ತುಣುಕುಗಳು. ಆಂಬುಲೆನ್ಸಿನ ಚಾವಣಿ. ನರಕ್ಕೆ ಮತ್ತೆ ಮತ್ತೆ ಹೋದ ಹಳದಿ ಔಷಧಿ. ಕತ್ತಲೆಯ ಕೋಣೆಯಲ್ಲಿ ಗಂಟಲಿನೊಳಗೆ ಇಳಿದ ಕೊಳವೆ. ಹೊಲಿಗೆ ಹಾಕಿದ್ದ ಒಂದು ಕಡೆ ಗಾಯ ಮಾಯುವಾಗ ಹೊಟ್ಟೆ ದಾರದಷ್ಟು ಕಿರಿದಾಗಿತ್ತು, ಬಲೂನು ಹಾಕಿ ಹಿಗ್ಗಿಸಿದ್ದೇವೆ ಎಂದು ದೊಡ್ಡ ಡಾಕ್ಟರು ಮಂಚದ ಬದಿಯಲ್ಲಿ ಕೂತು ಹೇಳಿದರು. ಏನೂ ಒಳಗೆ ನಿಲ್ಲದೆ ನರಗಳಿಗೆ ಬೇಕಾದ ವಿಟಮಿನ್ ಖಾಲಿಯಾಗಿತ್ತು. ಅಂಥ ಮೈಗೆ ಬರೀ ಗ್ಲೂಕೋಸ್ ಹೋದದ್ದು ಇನ್ನಷ್ಟು ಕೆಡಿಸಿತ್ತು. ಅವಳು, "ನಾನ್ ಮುದ್ದೆ ತಿಂದಿದ್ದೆ ಡಾಕ್ಟ್ರೇ," ಎಂದಳು.

"ಯಾವಾಗ?"

"ಮೊದಲ ತಿಂಗಳಲ್ಲಿ. ಇಷ್ಟೇ ಇಷ್ಟು."

ಡಾಕ್ಟರು ಅವಳ ಬೆರಳುಗಳು ತೋರಿಸಿದ ಅಳತೆಯನ್ನು ನೋಡಿದರು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಇದು ಯಾರಿಗ್ ಬೇಕಾದ್ರೂ ಆಗತ್ತೆ. ವಾಂತಿ ಶುರುವಾದ ವಾರಾನೇ ಬಂದಿದ್ರೆ ಸಣ್ಣ ಕೆಲಸ ಆಗಿತ್ತು." ಹಿಂದೆ ನಿಂತಿದ್ದ ಮೋನಿಷಾ ತಲೆ ತಗ್ಗಿಸಿ, "ಎರಡನೇ ಸಲ ನೀವ್ ಬರ್ದೇ ಇದ್ದಾಗ ನಾನಾದ್ರೂ ಫೋನ್ ಮಾಡ್ಬೇಕಿತ್ತು ಮೇಡಂ," ಎಂದಳು. ಹೇಮಶ್ರೀಗೆ ಅಳು ಬರಲಿಲ್ಲ. ಇಷ್ಟು ದಿನ ಹೊತ್ತು ತಿರುಗಿದ್ದ ಒಂದು ತಪ್ಪು ತಪ್ಪೇ ಆಗಿರಲಿಲ್ಲ ಎಂದಾಗ, ಅದನ್ನು ಇಳಿಸಿ ಎಲ್ಲಿ ಇಡಬೇಕೆಂದೇ ತೋಚಲಿಲ್ಲ. ಸುಮನ್ ಬಾಗಿಲ ಬಳಿ ನಿಂತು ಮೊಬೈಲಿನಿಂದ ಆ ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಿದ್ದ. ತ್ರಿಪುರಸುಂದರಿ ಬರಲಿಲ್ಲ. ಮೊಬೈಲಿಗೆ ಒಂದು ಸಾಲು ಬಂದಿತ್ತು: ನಂಗೊಬ್ಳಿಗಾದ್ರೂ ಹೇಳ್ಬೋದಿತ್ತು ಹೇಮ.

ಕಣ್ಣು ಸರಿಯಾಯಿತು, ಲೋಕ ಮತ್ತೆ ಒಂದೊಂದೇ ಆಯಿತು. ಗಂಜಿ, ಸಾರು, ಮೆತ್ತಗಿನ ಅನ್ನ ಒಳಗೆ ಹೋಗಿ ನಿಂತವು. ಕಾಲುಗಳು ಮಾತ್ರ ಅರ್ಧ ಬಂದವು. ನಾಲ್ಕು ಕಾಲಿನ ವಾಕರ್ ಹಿಡಿದು ಮನೆಗೆ ಬಂದಳು. ಮರೆವು ಸ್ವಲ್ಪ ಕಾಲ ಇರುತ್ತದೆ, ಪೂರ್ತಿ ಹೋಗಬಹುದು, ಹೋಗದೆಯೂ ಇರಬಹುದು ಎಂದು ಡಾಕ್ಟರು ಸುಮನ್‌ಗೆ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಆಸ್ಪತ್ರೆಯ ಆ ವಾರಗಳ ಮಾತು ಅದು ಎಂದುಕೊಂಡಿದ್ದಳು. ಆ ವಾರಗಳು ಹೋದರೆ ಹೋಗಲಿ, ಅವುಗಳಿಂದ ಅವಳಿಗೆ ಆಗಬೇಕಾದ್ದೇನೂ ಇರಲಿಲ್ಲ.

ದೀಪಾವಳಿಯ ಹೊತ್ತಿನ ಒಂದು ಮಧ್ಯಾಹ್ನ ಎಚ್ಚರವಾದಾಗ ಮನೆ ತೀರ ನಿಶ್ಶಬ್ದವಾಗಿತ್ತು. ಅವ್ವ ಎಂದು ಕರೆದಳು. ವಾಕರ್ ಎಳೆದುಕೊಂಡು, ನಿಂತು ನಿಂತು, ಅಡುಗೆಮನೆ ದಾಟಿ ಹಿಂದಿನ ಬಟ್ಟೆ ಒಗೆಯುವ ಜಾಗದ ತನಕ ಬಂದಳು. ಅಲ್ಲಿ ನೀರಿನ ಡ್ರಮ್ಮಿನ ಆಚೆ, ಬಾಗಿಲಿಗೆ ಬೆನ್ನು ಮಾಡಿ, ಅವ್ವ ಕುಕ್ಕರುಗಾಲಲ್ಲಿ ಕೂತಿದ್ದಳು. ಎಡಗೈಯಲ್ಲಿ ತಟ್ಟೆ. ಸೊಪ್ಪಿನ ಸಾರು, ಮುದ್ದೆ. ಕದ್ದವರು ತಿನ್ನುವ ಹಾಗೆ ಗಬಗಬನೆ ನುಂಗುತ್ತಿದ್ದಳು. ಪ್ರತಿ ತುತ್ತಿಗೂ ಸಣಕಲು ಬೆನ್ನು ಒಮ್ಮೆ ಬಾಗುತ್ತಿತ್ತು. ವಾಕರಿನ ಸದ್ದಿಗೆ ಬೆಚ್ಚಿ ತಿರುಗಿ, ತಟ್ಟೆಯ ಮೇಲೆ ಸೆರಗು ಎಳೆದುಕೊಂಡಳು.

ಹೇಮಶ್ರೀ ವಾಕರನ್ನು ಇನ್ನೊಂದು ಹೆಜ್ಜೆ ಮುಂದಿಟ್ಟಳು. ಎಷ್ಟು ದಿನದಿಂದ ಅವ್ವ ಹೀಗೆ ಮರೆಯಲ್ಲಿ ಉಣ್ಣುತ್ತಿದ್ದಾಳೋ! ತನಗೆ ಗೊತ್ತೇ ಆಗಲಿಲ್ಲವಲ್ಲ. "ಏನವ್ವ ಇದು? ಕಳ್ಳಿ ಹಂಗೆ ಇಲ್ಲಿ ಯಾಕ್ ಕೂತ್ಕೊಂಡಿದೀಯ? ಒಳಗ್ ಬಾ. ನನ್ ಮುಂದೇನೇ ಕೂತ್ಕೊಂಡು ಉಣ್ಣು. ನಂಗೇನೂ ಅನ್ಸಲ್ಲ. ನೀನ್ ಹೊಟ್ಟೆ ತುಂಬಾ ಉಣ್ಣೋದು ನೋಡ್ಬೇಕು ನಾನು."

ಅವ್ವ ಅವಳನ್ನೇ ನೋಡಿದಳು. ಬಾಯಲ್ಲಿದ್ದದ್ದನ್ನು ನುಂಗಿದಳು.

"ನೆನ್ನೇನೂ ಹಿಂಗೇ ಅಂದೆ ಕಣ್ ಮಗ," ಎಂದಳು ಮೆಲ್ಲಗೆ. "ಮೊನ್ನೇನೂ ಅಂದೆ. ಒಳಕ್ ಬಂದು ನಿನ್ ಮುಂದೆ ಕುಂತು ಉಂಡೆ. ನೀನು ನೋಡ್ತಾ ನೋಡ್ತಾ ಅತ್ತೆ. ಬೆಳಿಗ್ಗೆ ಎದ್ರೆ ನಿಂಗೆ ನೆಪ್ಪಿಲ್ಲ. ಅದುಕ್ಕೇ ಇವತ್ತೂ ಇಲ್ಲಿಗೇ ಬಂದೆ."

ಹಿಂದಿನ ಮನೆಯ ಮಹಡಿಯಲ್ಲಿ ಯಾರೋ ಬಟ್ಟೆ ಕೊಡವುತ್ತಿದ್ದರು. ಹೇಮಶ್ರೀ ವಾಕರನ್ನು ಹಿಡಿದು ನಿಂತೇ ಇದ್ದಳು. ನಿನ್ನೆಗಾಗಿ ತಲೆಯೊಳಗೆ ತಡಕಿದಳು; ಮೊನ್ನೆಗಾಗಿ ತಡಕಿದಳು. ಬರೀ ಬೆಳ್ಳಗಿನ ಗೋಡೆ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಜಾರುತ್ತ ಜಾರುತ್ತ, ಅವ್ವನ ಎದುರಿಗೆ ಒದ್ದೆ ನೆಲದ ಮೇಲೆ ಕೂತಳು. ಅವ್ವನ ತಟ್ಟೆಯ ಮೇಲಿನ ಸೆರಗನ್ನು ತಾನೇ ಸರಿಸಿದಳು.

"ಉಣ್ಣವ್ವ," ಎಂದಳು.

ಅವ್ವ ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟುಕೊಂಡಳು. ಇನ್ನೊಂದು ಮುರಿದಳು. ಇವತ್ತು ಅಳಬಾರದು, ಇದನ್ನು ನೆನಪಿನಿಂದ ಜಾರಲು ಬಿಡಬಾರದು ಎಂದು ಹಲ್ಲು ಕಚ್ಚಿಕೊಂಡು ಹೇಮಶ್ರೀ ಅವ್ವನ ಕೈ ತಟ್ಟೆಯಿಂದ ಬಾಯಿಗೆ ಹೋಗುವುದನ್ನು, ಗಂಟಲಿನ ನರ ಏರಿ ಇಳಿಯುವುದನ್ನು, ಕಣ್ಣು ಮಿಟುಕಿಸದೆ ನೋಡುತ್ತ ಕೂತಳು.